ಹಿಡಿದದ್ದು, ಹಡೆದದ್ದು, ಬೇಜಾರಾದದ್ದು

ಶಕ್ತಿಯೂ ಸಮಯವೂ ಇದ್ದು ಮೈ ಮಾತ್ರ ಬಗ್ಗದಂತಹ ಒಂದು ಸ್ಥಿತಿಯಿದೆ. ತೊಳೆಯಬೇಕಾದ ಪಾತ್ರೆಗಳು ಎದುರಿಗೇ ಇದ್ದರೂ ಏಳದೆ ಕುಳಿತಿರುತ್ತೇವೆ; ಯಾರಾದರೂ ಕೇಳಿದರೆ ‘ಬೇಜಾರು’ ಎನ್ನುತ್ತೇವೆ. ಡೆನ್ಮಾರ್ಕಿನವರು ಇದಕ್ಕೆಂದೇ ‘ಗಿಡೆ’ ಎಂಬ ಒಂದು ಕ್ರಿಯಾಪದವನ್ನು ಇಟ್ಟುಕೊಂಡಿದ್ದಾರೆ. ಮನಸ್ಸು ಮಾಡಿ ಕೆಲಸಕ್ಕೆ ಏಳುವುದು ಎಂಬುದು ಅದರ ಅರ್ಥವಾದರೂ, ಅದು ಹೆಚ್ಚಾಗಿ ಕೇಳಿಸುವುದು ‘ಇಲ್ಲ’ದ ಜೊತೆಯಲ್ಲಿಯೇ. ನಾರ್ವೆಯವರ ‘ಗಿಡ್ಡೆ’ಯ ಸ್ವಭಾವವೂ ಇದೇ. ಸ್ವೀಡನ್ನಿನಲ್ಲಿ ಇದರ ಸೋದರಪದವಾದ ‘ಯಿತ್ತಾ’ ಈಗ ಅಪರೂಪವಾಗಿದ್ದು, ಅಲ್ಲಿಯವರು ಸಾಮಾನ್ಯವಾಗಿ ‘ಓರ್ಕಾ’ ಎಂಬ ಪದವನ್ನು ಬಳಸುತ್ತಾರೆ. ಅದು ತ್ರಾಣಕ್ಕೆ ಸಂಬಂಧಿಸಿದ ಪದ. ಸೋಮಾರಿತನವನ್ನು ನಿಶ್ಶಕ್ತಿಯ ಲೆಕ್ಕಕ್ಕೆ ಬರೆಯುವ ಈ ಜಾಣತನ ನನಗೆ ಬಹಳ ಹಿಡಿಸಿತು.

ಇಷ್ಟು ನಿರುತ್ಸಾಹದ ಪದದ ಮೂಲವಾದರೋ ಈ ನಾಡುಗಳ ಪೂರ್ವಿಕರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ‘ಗೆತಾ’. ಪಡೆಯುವುದು, ಮಕ್ಕಳನ್ನು ಪಡೆಯುವುದು, ಸಾಧ್ಯವಾಗುವುದು, ಊಹಿಸುವುದು, ಪ್ರಸ್ತಾಪಿಸುವುದು ಎಲ್ಲವೂ ಅದರ ಅರ್ಥಗಳೇ. ಅದಕ್ಕೂ ಹಿಂದಿನ ಧಾತುವಿಗೆ ಹಿಡಿಯುವುದು ಎಂದರ್ಥ. ಕೈಗೆ ಸಿಕ್ಕಿದ್ದು ದಕ್ಕಿತು, ಮನಸ್ಸಿಗೆ ಸಿಕ್ಕಿದ್ದು ಊಹೆಯಾಯಿತು. ಒಗಟಿಗೆ ಸ್ವೀಡನ್ನಿನವರು ಹೇಳುವ ‘ಗೋತಾ’ ಕೂಡ ಇದೇ ಕುಟುಂಬದ್ದು; ಪರೀಕ್ಷೆಯಲ್ಲಿ ಗೋತಾ ಹೊಡೆದವರಿಗೆ ಈ ಪದ ಸುಲಭವಾಗಿ ನೆನಪಿನಲ್ಲಿ ಉಳಿದೀತು.

ದಕ್ಕಿಸಿಕೊಳ್ಳುವುದಕ್ಕೂ ಮಗುವಿಗೂ ಏನು ನಂಟು ಎಂದು ಕನ್ನಡಿಗರು ಅಚ್ಚರಿಪಡಬೇಕಾಗಿಲ್ಲ. ಹಳಗನ್ನಡದ ‘ಪಡೆ’ ಎಂಬ ಒಂದೇ ಧಾತುವಿನ ಪಕಾರ ಹಕಾರವಾಗಿ ‘ಹಡೆ’ ಎಂದಾಯಿತು. ಹಳೆಯ ರೂಪವೂ ಉಳಿದುಕೊಂಡು ಇಬ್ಬರೂ ಕೆಲಸ ಹಂಚಿಕೊಂಡರು. ಹಾಗಾಗಿ ನಾವು ಸಂಬಳವನ್ನು ಪಡೆಯುತ್ತೇವೆ, ತಾಯಿ ಮಗುವನ್ನು ಹಡೆಯುತ್ತಾಳೆ. ನಾರ್ಸ್ ಭಾಷೆಗೂ ಕನ್ನಡಕ್ಕೂ ರಕ್ತಸಂಬಂಧವೇನೂ ಇಲ್ಲ. ಹಾದಿ ಮಾತ್ರ ಒಂದೇ.

865ರಲ್ಲಿ ದೊಡ್ಡ ಸೈನ್ಯದೊಡನೆ ಇಂಗ್ಲೆಂಡಿನಲ್ಲಿ ಇಳಿದ ಡೇನರು, ಅಂದರೆ ಡೆನ್ಮಾರ್ಕಿನ ಕಡೆಯ ವೈಕಿಂಗರು, ಅನಂತರ ಅಲ್ಲಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿ, ನೆರೆಹೊರೆಯವರ ಬಾಯಿಗೆ ಈ ‘ಗೆತಾ’ ಪದವನ್ನೂ ಹಾಕಿದರು. ಇಂಗ್ಲಿಷಿನಲ್ಲಿ ಇದಕ್ಕೊಂದು ದಾಯಾದಿ ಧಾತು ಆಗಲೇ ಇತ್ತಾದರೂ, ಅದರ ಮೊದಲ ಅಕ್ಷರ ‘ಯ’ಕಾರಕ್ಕೆ ಸರಿದಿತ್ತು. ಇಂದು ಮಕ್ಕಳು ಶಾಲೆಯಲ್ಲಿ ಮೊದಲ ವರ್ಷದಲ್ಲೇ ಕಲಿಯುವ ‘ಗೆಟ್’ನ ಗಟ್ಟಿ ಗಕಾರ ವೈಕಿಂಗರ ಕೊಡುಗೆ.

9ನೆಯ ಶತಮಾನದ ಕೊನೆಯಲ್ಲಿ ನಾರ್ವೆಯಿಂದ ಜನ ಹೋಗಿ ನೆಲೆಸಿದ ಐಸ್‌ಲ್ಯಾಂಡಿನಲ್ಲಿ ಮಾತ್ರ ‘ಗೆತಾ’ ಇಂದಿಗೂ ಹಳೆಯ ಕಸುವಿನಲ್ಲೇ ಇದೆ. ಅಲ್ಲಿ ‘ಬಲ್ಲೆ’, ‘ಆಗುತ್ತದೆ’ ಎನ್ನಲು ಅದೇ ದಿನಬಳಕೆಯ ಪದ. ಬಾಗಿಲು ಮುಚ್ಚಿಸಬೇಕಾದಾಗ ಐಸ್‌ಲ್ಯಾಂಡಿನವರು ಈ ಕ್ರಿಯಾಪದವನ್ನು ಬಳಸಿ ‘ಮುಚ್ಚಲು ಆಗುತ್ತದೆಯೇ’ ಎಂದು ಕೇಳುತ್ತಾರೆ. ಡೆನ್ಮಾರ್ಕಿನವರು ಅದೇ ಮೂಲದ ಕ್ರಿಯಾಪದದಿಂದ, ಅಷ್ಟೇ ವಿನಯವಾಗಿ, ‘ಮುಚ್ಚಲು ಬೇಜಾರಿಲ್ಲವಷ್ಟೆ’ ಎಂದು ವಿಚಾರಿಸಿಕೊಳ್ಳುತ್ತಾರೆ.