ಅಡ್ಡಹೆಸರಿಲ್ಲದವನ ದುಬೈ ಯಾತ್ರೆ

ನನ್ನ ಹೆಸರು ಚಂದ್ರಶೇಖರಯ್ಯ. ಇಂಗ್ಲಿಷಿನಲ್ಲಿ ಬರೆದರೆ 18 ಅಕ್ಷರ. ಬ್ಯಾಂಕಿನ ಅರ್ಜಿಯಲ್ಲಿ ಚೌಕಗಳು ಮುಗಿದ ಮೇಲೂ ನನ್ನ ಹೆಸರು ಇನ್ನೂ ಸ್ವಲ್ಪ ಉಳಿದಿರುತ್ತದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದಷ್ಟು ಕಾಲವೂ ಸಂಬಳದ ಬಿಲ್ಲು ಬರೆಯುವ ಗುಮಾಸ್ತರು ಅದನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿಯದೆ ತಿಂಗಳಿಗೊಂದು ಕಡೆ ಕತ್ತರಿಸುತ್ತಿದ್ದರು. ಇಷ್ಟುದ್ದದ ಹೆಸರು ಸಾಲದು, ಇನ್ನೂ ತನ್ನಿ ಎಂದು ಒಂದು ದೇಶ ಕೇಳೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮಗಳು ಮತ್ತು ಅಳಿಯ ಇರುವುದು ದುಬೈಯಲ್ಲಿ. ಹೆರಿಗೆ ಅಲ್ಲಿಯೇ ಎಂದು ತೀರ್ಮಾನವಾಯಿತು. ಬಾಣಂತನ ತವರಿನವರ ಹಕ್ಕೂ ಹೌದು, ಸಾಲವೂ ಹೌದು. ಬಾಣಂತಿ ತವರಿಗೆ ಬರಲಾಗದಿದ್ದರೆ ತವರೇ ಗಂಟುಮೂಟೆ ಕಟ್ಟಿಕೊಂಡು ಬಾಣಂತಿಯ ಬಳಿಗೆ ಹೋಗಬೇಕು. ನನ್ನಾಕೆಯ ಲೆಕ್ಕದಲ್ಲಿ ಬಾಣಂತನ ಮೂರು ತಿಂಗಳು. ಅಳಿಯಂದಿರು ಫೋನಿನಲ್ಲಿ, ಪ್ರವಾಸಿ ವೀಸಾ 30 ದಿನದ್ದು ಒಂದಿದೆ, 60 ದಿನದ್ದು ಒಂದಿದೆ, ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ ಎಂದು ವಿವರಿಸಿದಾಗ ಆಕೆ ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ "ಅಲ್ಲಿನ ಸರ್ಕಾರದಲ್ಲಿ ಹೆಂಗಸರು ಯಾರೂ ಇಲ್ಲವೇನು?" ಎಂದು ಕೇಳಿದಳು.

ನಮ್ಮಿಬ್ಬರಿಗೂ ಪಾಸ್‌ಪೋರ್ಟ್ ಇತ್ತು. 2015ರಲ್ಲಿ ಕಾಠ್ಮಂಡುವಿಗೆ ಹೋಗಿ ಪಶುಪತಿನಾಥನ ದರ್ಶನ ಮಾಡಬೇಕೆಂಬ ಹುರುಪಿನಲ್ಲಿ ಮಾಡಿಸಿದ್ದು. ಭಾರತೀಯರಿಗೆ ನೇಪಾಳಕ್ಕೆ ಪಾಸ್‌ಪೋರ್ಟೇ ಬೇಕಿಲ್ಲವೆಂಬುದು ಆಮೇಲೆ ತಿಳಿಯಿತು, ಆ ಯಾತ್ರೆಯೂ ನಡೆಯಲಿಲ್ಲ. ಹತ್ತು ವರ್ಷ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿದ್ದ ಆ ಎರಡು ನೀಲಿ ಪುಸ್ತಕಗಳನ್ನು ನುಸಿಗುಳಿಗೆಯ ವಾಸನೆಯೊಂದಿಗೆ ಹೊರತೆಗೆದು ಟ್ರಾವೆಲ್ ಏಜೆಂಟರ ಮುಂದಿಟ್ಟೆ. ಪುಟ ತಿರುಗಿಸಿದ ಹುಡುಗ ವೈದ್ಯರು ಎಕ್ಸ್‌ರೇ ನೋಡುವ ಮುಖ ಮಾಡಿ, "ಸಾರ್, ಎರಡು ತೊಂದರೆ ಇದೆ" ಎಂದ.

ಮೊದಲನೆಯದು ಅವಧಿ. ನನ್ನ ಪುಸ್ತಕಕ್ಕೆ ಇನ್ನೂ ಐದು ತಿಂಗಳ ಆಯುಷ್ಯವಿತ್ತು. ಆದರೆ ಆ ದೇಶಕ್ಕೆ ಕಾಲಿಡುವ ದಿನ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳು ಉಳಿದಿರಬೇಕಂತೆ. ಹಾಗಾದರೆ ಹತ್ತು ವರ್ಷದ ಪಾಸ್‌ಪೋರ್ಟು ನಿಜದಲ್ಲಿ ಒಂಬತ್ತೂವರೆ ವರ್ಷದ್ದು ಎಂದಾಯಿತಲ್ಲ ಎಂದು ನಾನು ವ್ಯಾಕರಣದ ತಕರಾರು ತೆಗೆದೆ. ಹುಡುಗ ಅದನ್ನು ಕಿವಿಗೆ ಹಾಕಿಕೊಳ್ಳದೆ ಎರಡನೆಯದಕ್ಕೆ ಬಂದ.

"ಸರ್‌ನೇಮ್ ಖಾಲಿ ಇದೆ."

"ಖಾಲಿ ಏಕೆ ಅಂದರೆ ಇಲ್ಲ, ಅದಕ್ಕೆ."

"ಇಲ್ಲದಿದ್ದರೆ ವೀಸಾ ಇಲ್ಲ ಸಾರ್."

2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನ ಒಂದು ನಿಯಮ ಮಾಡಿತು. ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಉಪನಾಮ ಎಂಬ ಎರಡು ಮನೆಗಳಲ್ಲಿ ಒಂದು ಬರಿದಾಗಿದ್ದು, ಇನ್ನೊಂದರಲ್ಲಿ ಒಂದೇ ಪದವಿದ್ದರೆ ಅಂಥವರಿಗೆ ಪ್ರವಾಸಿ ವೀಸಾ ಕೊಡುವುದಿಲ್ಲವೆಂದು ಅದು ಸಾರಿತು. ಉತ್ತರದವರಿಗೆ ಇದು ಸುದ್ದಿಯೇ ಆಗಿರಲಿಕ್ಕಿಲ್ಲ. ಹುಬ್ಬಳ್ಳಿ ಧಾರವಾಡದ ಕಡೆಯವರಿಗೂ ಚಿಂತೆಯಿಲ್ಲ, ಅವರಿಗೆ ಪಾಟೀಲ, ಕುಲಕರ್ಣಿ, ಮೆಣಸಿನಕಾಯಿ ಎಂದು ಗಟ್ಟಿಯಾದ ಅಡ್ಡಹೆಸರುಗಳಿವೆ. ಪೆಟ್ಟು ಬಿದ್ದದ್ದು ಹೆಸರಿನ ಮುಂದೆ ಒಂದೆರಡು ಇನಿಷಿಯಲ್ ಇಟ್ಟುಕೊಂಡು ಬದುಕು ಕಳೆಯುವ ನಮ್ಮಂಥ ಹಳೆ ಮೈಸೂರಿನವರಿಗೆ. ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ಇದರ ಪೂರ್ಣ ಭೀಕರತೆ ನನಗೆ ಹೊಳೆಯಿತು: ಪಂಪ, ರನ್ನ, ಜನ್ನ ಇವರಲ್ಲಿ ಒಬ್ಬರಿಗೂ ದುಬೈ ವೀಸಾ ಸಿಗುತ್ತಿರಲಿಲ್ಲ. ಕವಿಚಕ್ರವರ್ತಿ ಎಂಬ ಬಿರುದನ್ನು ಉಪನಾಮದ ಮನೆಗೆ ತುಂಬಿಸಿ ರನ್ನ ಹೇಗೋ ಪಾರಾಗಬಹುದಿತ್ತೇನೋ. ಅಕ್ಕಮಹಾದೇವಿ ಪದವನ್ನು ಬಿಡಿಸಿ ಬರೆದರೆ ಒಳಗೆ, ಕೂಡಿಸಿ ಬರೆದರೆ ಹೊರಗೆ. ನಿರ್ವಿಘ್ನವಾಗಿ ದಾಟುವವನೆಂದರೆ ಗದುಗಿನ ನಾರಣಪ್ಪ ಒಬ್ಬನೇ.

ನಮ್ಮ ಬೀದಿಯಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಗಲ್ಫಿನಲ್ಲಿ ದಶಕಗಳ ಕಾಲ ದುಡಿದು ಬಂದವರು, ಹೀಗಾಗಿ ಮರುಭೂಮಿಯ ಎಲ್ಲ ವಿಷಯಕ್ಕೂ ನಮ್ಮ ಬೀದಿಯ ಪೀಠಾಧಿಪತಿಗಳು. ಅವರು ನನ್ನ ಪಾಸ್‌ಪೋರ್ಟನ್ನು ಹಿಂದುಮುಂದು ನೋಡಿ, "ಇದರಲ್ಲಿ ಇಸಿಎನ್‌ಆರ್ ಮುದ್ರೆಯೇ ಇಲ್ಲವಲ್ಲ ಮಾರಾಯ್ರೆ, ನಿಮ್ಮನ್ನು ಬೆಂಗಳೂರಲ್ಲೇ ಇಳಿಸ್ತಾರೆ" ಎಂದು ಹೆದರಿಸಿದರು. ಎರಡು ರಾತ್ರಿ ನಿದ್ದೆ ಕೆಟ್ಟ ಮೇಲೆ ಮಗ ವಿಚಾರಿಸಿ ಹೇಳಿದ: ವಲಸೆ ತಪಾಸಣೆ ಬೇಕಿಲ್ಲ ಎಂದು ಸಾರುವ ಆ ಮುದ್ರೆಯನ್ನು ಹಾಕುವುದನ್ನು 2007ರಲ್ಲೇ ನಿಲ್ಲಿಸಿದ್ದಾರೆ. ವಲಸೆ ತಪಾಸಣೆ ಎಂಬುದು ಹತ್ತನೆಯ ತರಗತಿ ಪಾಸಾಗದೆ ಕೂಲಿಕೆಲಸಕ್ಕೆ ಹೋಗುವವರು ಮೋಸಹೋಗದಿರಲೆಂದು 1983ರ ಕಾಯಿದೆ ಮಾಡಿದ ಏರ್ಪಾಡು. 50 ದಾಟಿದವರಿಗೆ ಅದರ ಗೊಡವೆಯೇ ಇಲ್ಲ. ಪೀಠಾಧಿಪತಿಗಳಿಗೆ ಇದನ್ನು ತಿಳಿಸಿದಾಗ ಅವರು ತುಸು ನೊಂದುಕೊಂಡರು. ಅವರ ಕಾಲದ ಗಲ್ಫು ಈಗ ಉಳಿದಿಲ್ಲವಂತೆ.

ಪಾಸ್‌ಪೋರ್ಟ್ ಮರುವಿತರಣೆಗೆ ತಲಾ 1,500 ರೂಪಾಯಿ, ತತ್ಕಾಲಕ್ಕೆ ಮೇಲೆ 2,000. ಹಣ ಕಟ್ಟುವುದು ಸುಲಭವಾಗಿತ್ತು; ಉಪನಾಮ ಯಾವುದೆಂದು ನಿಶ್ಚಯಿಸುವುದು ಕಷ್ಟವಾಯಿತು. ಅರವತ್ತು ದಾಟಿದ ಮೇಲೆ ನಾಮಕರಣ. ಊರಿನ ಹೆಸರು ಹಾಕೋಣವೆಂದರೆ ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯ ಹೆಸರನ್ನು ತಿಪಟೂರಿನವರೇ ಸರಿಯಾಗಿ ಬರೆಯುವುದಿಲ್ಲ. ಕೊನೆಗೆ ನನ್ನ ಹೆಸರಿನ ಮುಂದೆ ಒಂದು 'ಎಸ್' ಆಗಿ, ಚುಕ್ಕಿಯ ಪಕ್ಕ ಸದ್ದಿಲ್ಲದೆ ಕುಳಿತಿದ್ದ ನನ್ನ ತಂದೆಯವರನ್ನೇ ಎಬ್ಬಿಸಬೇಕಾಯಿತು. ಅವರ ಹೆಸರು ಸಿದ್ದಪ್ಪ. ಮೊದಲು ಆಧಾರ್ ಕಾರ್ಡಿನಲ್ಲಿ 'ಎಸ್' ಅನ್ನು ಹಿಗ್ಗಿಸಿ, ಹಳೆಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅವರ ಒಂದು 'ಡಿ' ನಾಪತ್ತೆಯಾಗಿದ್ದುದಕ್ಕೆ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ, ಪಾಸ್‌ಪೋರ್ಟ್ ಕಚೇರಿಯ ಎ, ಬಿ, ಸಿ ಎಂಬ ಮೂರು ಕೌಂಟರುಗಳನ್ನು ದಾಟಿ ಬಂದಾಗ ನಾನು ಸಿದ್ದಪ್ಪ ಮನೆತನದವನಾಗಿದ್ದೆ. ನನ್ನಾಕೆಯ ಉಪನಾಮದ ಮನೆಗೆ ನನ್ನ 18 ಅಕ್ಷರಗಳು ಹೋದವು. ಮಗಳಿಗೆ ಮದುವೆಯಾದ ಮೇಲೆ ಅಳಿಯಂದಿರ ಹೆಸರು ಸೇರಿದೆ. ಅಪ್ಪ, ಅಮ್ಮ, ಮಗಳು ಮೂವರಿಗೂ ಮೂರು ಉಪನಾಮ. ಇದನ್ನು ನೋಡಿದ ಏಜೆಂಟ್ ಹುಡುಗ, "ಸಾರ್, ಎಲ್ಲರೂ ಒಂದೇ ಫ್ಯಾಮಿಲಿನಾ?" ಎಂದು ಸಂಕೋಚದಿಂದ ಕೇಳಿದ. ಕುಟುಂಬದ ಹೆಸರು ಇಲ್ಲದಿದ್ದಾಗ ನಮ್ಮ ಕುಟುಂಬದ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ವೀಸಾಕ್ಕೆ ಫೋಟೋ ಬಿಳಿಯ ಹಿನ್ನೆಲೆಯಲ್ಲಿರಬೇಕು, ಕನ್ನಡಕ ತೆಗೆದಿರಬೇಕು. ಬಿಳಿ ಪರದೆ, ಬಿಳಿ ಅಂಗಿ, ಬಿಳಿ ಕೂದಲು, ಹಣೆಯಲ್ಲಿ ವಿಭೂತಿ. ಸ್ಟುಡಿಯೋದವನು ತೋರಿಸಿದ ಚಿತ್ರದಲ್ಲಿ ಕಾಣುತ್ತಿದ್ದುದು ಎರಡು ಹುಬ್ಬು ಮತ್ತು ಮೂಗಿನ ಎರಡು ಹೊಳ್ಳೆ ಮಾತ್ರ. ಅವನ ಕೋಟನ್ನೇ ಎರವಲು ತೊಟ್ಟು ಮತ್ತೊಮ್ಮೆ ತೆಗೆಸಿಕೊಂಡೆ.

ಆಮೇಲೆ ಅಳಿಯಂದಿರ ಸಂದೇಶ ಬಂತು: "ಮಾವ, ನನ್ನ ಇಜಾರಿ ಕಳಿಸಿದ್ದೇನೆ, ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ." ಇಜಾರ ಎಂದರೆ ಚಲ್ಲಣ, ಪಾಯಿಜಾಮ, ಇದು ನನ್ನ ಕನ್ನಡ. ಅಳಿಯಂದಿರ ಪಾಯಿಜಾಮವನ್ನು ಮುದ್ರಿಸಿಕೊಂಡು ಹೋಗಿ ನಾನು ಯಾರಿಗೆ ತೋರಿಸಬೇಕು? ದುಬೈಯಲ್ಲಿ ಬಾಡಿಗೆ ಮನೆಯ ಕರಾರನ್ನು ಸರ್ಕಾರದಲ್ಲಿ ನೋಂದಾಯಿಸುವ ವ್ಯವಸ್ಥೆಗೆ ಎಜಾರಿ ಎಂದು ಹೆಸರು, ಅಳಿಯಂದಿರ ಇಜಾರಿ ಅದೇ. ಹೋಟೆಲಿನಲ್ಲಿ ಇಳಿಯುವವರು ಹೋಟೆಲಿನ ಬುಕಿಂಗ್ ತೋರಿಸಬೇಕು, ನೆಂಟರ ಮನೆಯಲ್ಲಿ ಇಳಿಯುವವರು ಆ ನೆಂಟರ ಎಮಿರೇಟ್ಸ್ ಗುರುತುಚೀಟಿ ಮತ್ತು ಈ ಎಜಾರಿ ತೋರಿಸಬೇಕು. ಮೇಷ್ಟರ ಚಪಲದಿಂದ ನಿಘಂಟು ತೆಗೆದು ನೋಡಿದರೆ, ಗುತ್ತಿಗೆ ಎಂಬರ್ಥದ ಇಜಾರೆ ಎಂಬ ಮಾತು ನಮ್ಮ ಕಂದಾಯದ ಕನ್ನಡದಲ್ಲಿಯೂ ಇದೆ. ಅರಬ್ಬಿಯಿಂದ ನಾವು ಎಂದೋ ಕಡ ತಂದಿದ್ದ ಪದವನ್ನು ಈಗ ಅಳಿಯಂದಿರ ಮೂಲಕ ವಾಪಸು ಕೇಳುತ್ತಿದ್ದರು. ಇದಲ್ಲದೆ ಹಿಂದಿರುಗುವ ಟಿಕೇಟು ಇರಬೇಕು, ಕೈಯಲ್ಲಿ 3,000 ದಿರ್ಹಮ್‌ನಷ್ಟು ಹಣವೋ ಕ್ರೆಡಿಟ್ ಕಾರ್ಡೋ ಇದ್ದರೆ ಒಳ್ಳೆಯದು ಎಂದು ಏಜೆಂಟ್ ಹೇಳಿದ. ನಮ್ಮ ರೂಪಾಯಿಯಲ್ಲಿ 70,000ಕ್ಕೂ ಮೇಲೆ. ಮಗಳ ಮನೆಗೆ ಹೋಗುವ ತಂದೆ ಕೈಯಲ್ಲಿ ಇಷ್ಟು ದುಡ್ಡಿದೆ ಎಂದು ಬಾಗಿಲಲ್ಲೇ ಎಣಿಸಿ ತೋರಿಸಬೇಕಾದ ಪದ್ಧತಿ ನನಗೆ ಹೊಸದು.

ಇವೆಲ್ಲವೂ ನನ್ನ ಪಾಲಿನ ಕಷ್ಟಗಳು. ನನ್ನಾಕೆಯ ಪಾಲಿನದು ಪ್ರಯಾಣಕ್ಕೆ ಮೂರು ದಿನ ಇರುವಾಗ ನಡುಮನೆಯಲ್ಲಿ ನಡೆಯಿತು. ಆಕೆ ತಿಂಗಳಿಂದ ಬಾಣಂತಿ ಸಾಮಾನು ಕೂಡಿಸಿದ್ದಳು. ಎರಡು ಸೂಟ್‌ಕೇಸುಗಳು ಬಾಯಿ ತೆರೆದು ಮಲಗಿದ್ದವು. ಮಗ ಮೊಬೈಲಿನಲ್ಲಿ ಆ ದೇಶದ ನಿಷೇಧಿತ ವಸ್ತುಗಳ ಪಟ್ಟಿಯನ್ನು ಹಿಡಿದು ಎದುರಿಗೆ ಕುಳಿತ.

"ಗಸಗಸೆ ಇದೆಯೇನಮ್ಮ?"

"ಅರ್ಧ ಕೇಜಿ ಇದೆ. ಯಾಕೆ, ಸಾಲದೇ?"

"ಅದು ಅಫೀಮಿನ ಗಿಡದ ಬೀಜ. ಅಲ್ಲಿ ಮಾದಕ ವಸ್ತು. ಸಿಕ್ಕಿದರೆ ಜೈಲು."

ಆಕೆ ನನ್ನ ಕಡೆ ನೋಡಿದಳು. ನಲವತ್ತು ವರ್ಷಗಳಿಂದ ಗಸಗಸೆ ಪಾಯಸ ಕುಡಿದ ಮಧ್ಯಾಹ್ನಗಳಲ್ಲಿ ನಾನು ಕುರ್ಚಿಯಲ್ಲಿಯೇ ಗೊರಕೆ ಹೊಡೆಯುತ್ತಿದ್ದುದರ ಕಾರಣ ಆಕೆಗೆ ಆಗ ಅರ್ಥವಾದಂತಿತ್ತು. ಗಸಗಸೆ ಹೊರಬಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ವೀಳ್ಯದೆಲೆಯ ಕಟ್ಟು ಹೊರಬಿತ್ತು. ಪಾನ್ ಎಂಬ ಹೆಸರಿನಲ್ಲಿ ಎಲೆ ಆ ಪಟ್ಟಿಯಲ್ಲಿದೆ. ಊಟವಾದ ಮೇಲೆ ಎಲೆ ಅಡಿಕೆ ಹಾಕದ ಬಾಣಂತಿಗೆ ಅನ್ನ ಅರಗುವುದು ಹೇಗೆಂದು ಆಕೆ ಕೇಳಿದ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಮಾಡಿದ ತಿನಿಸುಗಳೂ ನಿಷಿದ್ಧ ಎಂದು ಮಗ ಓದಿದಾಗ, ಆಕೆ ಎರಡು ದಿನ ಒಲೆಯ ಮುಂದೆ ನಿಂತು ಕಟ್ಟಿದ್ದ ಅಂಟಿನುಂಡೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಳು. ಅದರಲ್ಲಿಯೂ ಗಸಗಸೆ ಇತ್ತು, ಆದ್ದರಿಂದ ವಾದಕ್ಕೆ ಅವಕಾಶವೇ ಇರಲಿಲ್ಲ.

"ಮಾಟ ಮಂತ್ರಕ್ಕೆ ಬಳಸುವ ಸಾಮಾನು."

"ಛೆ, ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಎಲ್ಲಿಂದ ಬರಬೇಕು?" ಎಂದವಳು, ಮಗ ಸೀರೆಯ ಮಡಿಕೆಯೊಳಗಿಂದ ಮಗುವಿಗೆ ಕಟ್ಟಲೆಂದು ತಂದಿದ್ದ ತಾಯತ, ದೃಷ್ಟಿ ತೆಗೆಯಲು ಇಟ್ಟಿದ್ದ ಒಣಮೆಣಸಿನಕಾಯಿ, ಕಪ್ಪು ದಾರದ ಉಂಡೆ, ಎರಡು ನಿಂಬೆಹಣ್ಣು ಇಷ್ಟನ್ನೂ ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಾಗ ಸುಮ್ಮನಾದಳು. ಹಾಗೆ ಸಾಲಾಗಿ ಇಟ್ಟು ನೋಡಿದರೆ ನನಗೂ ಸ್ವಲ್ಪ ಭಯವಾಯಿತು. ನನ್ನ ವಿಭೂತಿ ಗಟ್ಟಿಯನ್ನು ನಾನಾಗಿಯೇ ತೆಗೆದಿಟ್ಟೆ. ಅರ್ಧ ಸವೆದ ಆ ಬಿಳಿಯ ಪುಡಿಗಟ್ಟಿ ಏನೆಂದು ಸುಂಕದ ಅಧಿಕಾರಿಗೆ ವಿವರಿಸುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ. ಕೋಡೀನ್ ಇರುವ ಕೆಮ್ಮಿನ ಔಷಧಿ ಹೊರಬಿತ್ತು. ರಕ್ತದೊತ್ತಡದ ಮಾತ್ರೆಗಳು ವೈದ್ಯರ ಚೀಟಿಯೊಂದಿಗೆ ಉಳಿದವು. ಇಡೀ ಪಟ್ಟಿಯಲ್ಲಿ ನಮ್ಮ ಸೂಟ್‌ಕೇಸಿನೊಳಗೆ ಸಿಗದೆ ಹೋದದ್ದು ಆನೆದಂತ ಮತ್ತು ಮೀನಿನ ಬಲೆ.

ಉಳಿದದ್ದು ಕೊಬ್ಬರಿ. ಅದು ದುಬೈಯ ಪಟ್ಟಿಯಲ್ಲಿರಲಿಲ್ಲ, ನನ್ನಾಕೆ ಗೆದ್ದ ಮುಖದಲ್ಲಿ ಎಂಟು ಉಂಡೆ ಕೊಬ್ಬರಿಯನ್ನು ಮತ್ತೆ ಒಳಗಿಟ್ಟಳು. ಅಷ್ಟರಲ್ಲಿ ಮಗ ಇನ್ನೊಂದು ಪಟ್ಟಿ ತೆರೆದ. ವಿಮಾನದ ಸರಕಿನಲ್ಲಿ ಕೊಬ್ಬರಿ ಅಪಾಯಕಾರಿ ವಸ್ತುವಂತೆ. ಎಣ್ಣೆಯ ಅಂಶ ಹೆಚ್ಚಾದ್ದರಿಂದ ತಾನಾಗಿ ಕಾವು ಏರಿ ಹೊತ್ತಿಕೊಳ್ಳಬಹುದಂತೆ. 2022ರಿಂದ ನಮ್ಮ ವಿಮಾನ ಭದ್ರತೆಯವರೇ ಚೆಕ್-ಇನ್ ಸಾಮಾನಿನಲ್ಲಿ ಅದನ್ನು ಬಿಡುವುದಿಲ್ಲ. ತಿಪಟೂರು ಕಡೆಯವನಿಗೆ ಈ ಮಾತು ಹೇಳಬಾರದಿತ್ತು. ನಮ್ಮ ಹಳ್ಳಿಯ ಮನೆಯಲ್ಲಿ ಕಾಯಿಗಳು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿ, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತಿದ್ದವು. ಆ ಅಟ್ಟದ ನೇರ ಕೆಳಗೆ ಅಡುಗೆಯ ಒಲೆ ಉರಿಯುತ್ತಿತ್ತು. ನನ್ನ ತಂದೆ ಅದರ ಪಕ್ಕದಲ್ಲಿಯೇ ಬೀಡಿ ಸೇದುತ್ತ ಕೂರುತ್ತಿದ್ದರು. ಒಂದು ಕಾಯಿಯೂ ಹೊತ್ತಿಕೊಂಡಿರಲಿಲ್ಲ. ಇದನ್ನೆಲ್ಲ ನಾನು ವಿಸ್ತಾರವಾಗಿ ಹೇಳಿದೆ. ಮಗ ಕೊನೆಯವರೆಗೂ ಕೇಳಿಸಿಕೊಂಡು ಎಂಟೂ ಕೊಬ್ಬರಿಯನ್ನು ತೆಗೆದು ಅಡುಗೆಮನೆಗೆ ಕೊಂಡೊಯ್ದ.

ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆಯ ಹಾರಾಟ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅರ್ಧ ಖಾಲಿಯಾದ ಸೂಟ್‌ಕೇಸುಗಳಲ್ಲಿ ಮಗುವಿಗೆಂದು ಹಳೆಯ ಪಂಚೆಯ ತುಂಡುಗಳು, ಓಮಿನಕಾಳು, ಉತ್ತುತ್ತೆ ಇಷ್ಟೇ ಇದ್ದವು. ಖರ್ಜೂರದ ನಾಡಿಗೆ ಉತ್ತುತ್ತೆ ಒಯ್ಯುತ್ತಿದ್ದೇವೆಂಬುದು ವಿಮಾನ ಏರಿದ ಮೇಲೆ ನನಗೆ ನೆನಪಾಯಿತು. ನನ್ನ ಬೋರ್ಡಿಂಗ್ ಪಾಸಿನಲ್ಲಿ ಹೆಸರು, ಉಪನಾಮ, ಮಿಸ್ಟರ್ ಮೂರೂ ಒಂದಕ್ಕೊಂದು ಅಂಟಿಕೊಂಡು ಸಂಧಿಯಾಗಿದ್ದವು. ಯಾವ ಸಂಧಿಯೆಂದು ಹೇಳಲಾರೆ.

ಅಲ್ಲಿಳಿದ ಮೇಲೆ ಉದ್ದನೆಯ ಸಾಲು. ನಾನು ವೀಸಾದ ಪ್ರತಿ, ಎಜಾರಿ, ಟಿಕೇಟು, ಹಣದ ಲಕೋಟೆ ಎಲ್ಲವನ್ನೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಎರಡು ಕೈಯಲ್ಲಿ ಹಿಡಿದಿದ್ದೆ. ಅವುಗಳಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ. ಶುಭ್ರವಾದ ಬಿಳಿಯ ನಿಲುವಂಗಿ ತೊಟ್ಟಿದ್ದ ತರುಣ ಅಧಿಕಾರಿ ಪಾಸ್‌ಪೋರ್ಟು ತೆರೆದು, ಪರದೆ ನೋಡಿ, ಏನನ್ನೋ ಒತ್ತಿ, ಕಣ್ಣಿನ ಚಿತ್ರ ತೆಗೆಯುವ ಯಂತ್ರದ ಕಡೆ ಕೈ ತೋರಿಸಿ ಗಟ್ಟಿಯಾಗಿ ಕರೆದ. ಅರಬ್ಬಿಯಲ್ಲಿ ಪ-ಕಾರವಿಲ್ಲ.

"ಸಿದ್ದಬ್ಬಾ!"

ನಾನು ಹಿಂದಕ್ಕೆ ತಿರುಗಿ ನೋಡಿದೆ. ನನ್ನ ತಂದೆ ಅತ್ತ ಅರಸೀಕೆರೆ, ಇತ್ತ ತುಮಕೂರು ದಾಟಿದ್ದು ಬದುಕಿನಲ್ಲಿ ಎರಡೋ ಮೂರೋ ಸಲ. ತೀರಿಕೊಂಡು 26 ವರ್ಷವಾಯಿತು.

"ಮಿಸ್ಟರ್ ಸಿದ್ದಬ್ಬಾ!"

ನನ್ನಾಕೆ ಮೊಣಕೈಯಿಂದ ತಿವಿದಳು. "ರೀ, ಮಾವನವರನ್ನ ಕರೀತಿದ್ದಾರೆ, ಹೋಗಿ."

ನಾನು ಮುಂದೆ ಹೋಗಿ, ಕನ್ನಡಕ ತೆಗೆದು, ಕಣ್ಣು ಅಗಲಿಸಿ ನಿಂತೆ.