ಮೈನಸ್ ಬಂತು ಅಂತ ಪ್ರಶ್ನೆಯನ್ನೇ ಕಿತ್ತು ಹಾಕೋದಾ?

ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ಹೊಟ್ಟೆ ಉರಿಯುತ್ತಿದೆ, ಇವತ್ತು ಬರೆದೇ ಬಿಡುತ್ತೇನೆ.

ಪಿಎಚ್‌ಡಿಗೆ ಅಂತ ಕೊಡಗಿನ ಸೋಮವಾರಪೇಟೆ, ಸಿದ್ದಾಪುರ, ಪಾಲಿಬೆಟ್ಟ ಕಡೆ ಸುತ್ತಿ 112 ಜನ ಸಣ್ಣ ಕಾಫಿ ಬೆಳೆಗಾರರ ಹತ್ತಿರ ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದೆ. ಅದೂ ಜುಲೈ ಮಳೆಯಲ್ಲಿ. ಬಸ್ ಇಳಿದು ತೋಟದ ದಾರಿ ಹಿಡಿದರೆ ಕಾಲಿಗೆಲ್ಲ ಜಿಗಣೆ, ಹಾಳೆ ನೆನೆಯಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜರ್ಕಿನ್ ಒಳಗೆ ಇಟ್ಟುಕೊಂಡು ನಡೆದಿದ್ದೇನೆ. ತೋಟ ಮುಂದುವರಿಸುವ ಮನಸ್ಸು ಎಷ್ಟಿದೆ ಅಂತ ತಿಳಿಯಲು ಹತ್ತು ಹೇಳಿಕೆ, 1ರಿಂದ 5 ಅಂಕ. ಆರು ನೇರ, ನಾಲ್ಕು ಉಲ್ಟಾ. ‘ಎಷ್ಟೇ ಕಷ್ಟ ಬಂದರೂ ತೋಟ ಬಿಡಲ್ಲ’ ಅನ್ನೋದು ನೇರ. ‘ಆನೆ ಕಾಟ ಹೀಗೇ ಇದ್ದರೆ ಮಾರಿಬಿಡಬೇಕು ಅನಿಸುತ್ತದೆ’ ಅನ್ನೋದು ಉಲ್ಟಾ. ಓದದೆ ಸುಮ್ನೆ ಎಲ್ಲದಕ್ಕೂ 5 ಹಾಕುವವರು ಗೊತ್ತಾಗಲಿ ಅಂತಲೇ ಹಾಗೆ ಇಟ್ಟಿದ್ದು.

ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ ನನಗೆ ಅಷ್ಟು ಬರಲ್ಲ ಅಂತ ದುಡ್ಡು ಕೊಟ್ಟು ಒಬ್ಬರ ಕೈಲಿ ಲೆಕ್ಕ ಮಾಡಿಸಿದೆ. ಕ್ರಾನ್‌ಬ್ಯಾಕ್ ಆಲ್ಫಾ, ಅಂದರೆ ಹತ್ತೂ ಹೇಳಿಕೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಸಂಖ್ಯೆ, ಮೈನಸ್ 0.24 ಬಂತು. ಅವರು ಫೋನ್ ಮಾಡಿ ‘ಮೇಡಂ, ನಾಲ್ಕು ಪ್ರಶ್ನೆ ಸರಿ ಇಲ್ಲ, ತೆಗೆದರೆ 0.72 ಬರುತ್ತೆ, 0.7 ದಾಟಿದ್ರೆ ಸಾಕಲ್ವಾ’ ಅಂದರು. ಯಾವ ನಾಲ್ಕು? ಅದೇ ಉಲ್ಟಾ ನಾಲ್ಕು! ಸಿದ್ದಾಪುರದ ಕಡೆ ಮಕ್ಕಳನ್ನು ಶಾಲೆಗೆ ಕಳಿಸುವ ಮೊದಲು ರಸ್ತೆಯಲ್ಲಿ ಆನೆ ಇದೆಯಾ ಅಂತ ನೋಡುವ ಜನ, ಅವರ ಹತ್ತಿರ ಆನೆ ವಿಷಯ ಕೇಳಿ, ಉತ್ತರ ಬರೆಸಿಕೊಂಡು ಬಂದು, ಕೊನೆಗೆ ಅದನ್ನೇ ಕಸಕ್ಕೆ ಹಾಕಬೇಕಾ?

ಸಿಟ್ಟಿನಲ್ಲಿ ನಾನೇ ಕೂತೆ. ಆಲ್ಫಾ ಟೇಬಲ್ಲಿನ ಕೆಳಗೇ ಸಣ್ಣ ಅಕ್ಷರದಲ್ಲಿ ಬರೆದಿದೆ, ಪ್ರಶ್ನೆಗಳ ನಡುವಿನ ಸರಾಸರಿ ಕೋವೇರಿಯನ್ಸ್ (ಎರಡು ಪ್ರಶ್ನೆಗಳ ಅಂಕ ಒಟ್ಟಿಗೆ ಏರಿಳಿಯುವ ಅಳತೆ) ಮೈನಸ್ ಇದೆ, ಕೋಡಿಂಗ್ ನೋಡಿಕೊಳ್ಳಿ ಅಂತ. ದುಡ್ಡು ತಗೊಂಡವರು ಆ ಒಂದು ಸಾಲು ಓದಬಾರದಾ? ಉಲ್ಟಾ ಪ್ರಶ್ನೆಗೆ 5 ಹಾಕಿದರೆ ತೋಟ ಬಿಡುವ ಮನಸ್ಸು ಅಂತ ಅರ್ಥ, ಅದಕ್ಕೇ ಆ ನಾಲ್ಕರ ಅಂಕ ತಿರುಗಿಸಿ ರೀಕೋಡ್ ಮಾಡಿದೆ. 6ರಿಂದ ಅಂಕ ಕಳೆಯೋದು ಅಷ್ಟೇ, 5 ಇದ್ದದ್ದು 1 ಆಗುತ್ತೆ, 4 ಇದ್ದದ್ದು 2. ಮತ್ತೆ ಓಡಿಸಿದೆ. 0.81! ಒಂದೊಂದು ಪ್ರಶ್ನೆ ಉಳಿದವುಗಳ ಮೊತ್ತದ ಜೊತೆ ಹೊಂದುತ್ತಾ ಅಂತ ತೋರಿಸುವ ಐಟಂ-ಟೋಟಲ್ ಕಾಲಮ್ಮಿನಲ್ಲೂ ಎಲ್ಲಾ ಪ್ಲಸ್. ಅರ್ಧ ಗಂಟೆಯ ಕೆಲಸ.

0.7 ಅಂತ ಜಪ ಮಾಡೋರಿಗೆ ಇಷ್ಟಾದರೂ ಗೊತ್ತಿರಲಿ. ಒಂದೇ ಮಾತನ್ನು ಹತ್ತು ಥರ ತಿರುಗಿಸಿ ಕೇಳಿದರೂ ಆಲ್ಫಾ ಏರುತ್ತೆ. ಪ್ರಶ್ನೆ ಒಳ್ಳೆಯದು ಅಂತ ಅದರಿಂದ ಗೊತ್ತಾಗಲ್ಲ.

ಇನ್ನೊಂದು ಇದೆ, ಇದು ಇನ್ನೂ ಜಾಸ್ತಿ ಉರಿಸಿದ್ದು. 14 ಹಾಳೆಗಳಲ್ಲಿ ಮಕ್ಕಳ ಬಗ್ಗೆ ಇದ್ದ ಹೇಳಿಕೆ ಖಾಲಿ ಇತ್ತು. ಒಂದು ಪ್ರಶ್ನೆ ಖಾಲಿ ಇದ್ದರೂ ಎಸ್‌ಪಿಎಸ್‌ಎಸ್ ಆಲ್ಫಾ ಲೆಕ್ಕದಿಂದ ಆ ಇಡೀ ಹಾಳೆಯನ್ನು ಬಿಡುತ್ತೆ, ಅದಕ್ಕೇ 112 ಇದ್ದದ್ದು 98 ಆಗಿತ್ತು. ‘ಖಾಲಿ ಇರೋ ಎಲ್ಲದಕ್ಕೂ 3 ತುಂಬಿಸಿಬಿಡೋಣ ಮೇಡಂ’ ಅಂದರು ಅದೇ ದುಡ್ಡು ತಗೊಂಡವರು. ಪಾಲಿಬೆಟ್ಟದ ಹತ್ತಿರ ಒಬ್ಬರು ಅಜ್ಜಿ ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು, ಸ್ವಲ್ಪ ಹೊತ್ತು ಹಾಗೇ ಕೂತು, ‘ನನಗೆ ಮಕ್ಕಳೇ ಇಲ್ವಲ್ಲ ಮಗಳೇ, ಏನು ಹಾಕಲಿ’ ಅಂದಿದ್ದರು. ಪೆನ್ಸಿಲ್ ಮೊನೆ ತಾಗಿದ ಚುಕ್ಕಿ ಇನ್ನೂ ಆ ಹಾಳೆಯಲ್ಲಿದೆ. ಅದರ ಮೇಲೆ ನಾನು 3 ಅಂತ ಹೇಗೆ ಬರೆಯಲಿ?

98 ಅಂತಲೇ ಬರೆಯುತ್ತೇನೆ, ಯಾಕೆ ಅಂತಲೂ ಬರೆಯುತ್ತೇನೆ. ನಾಲ್ಕು ಪ್ರಶ್ನೆಯೂ ಇರುತ್ತವೆ. ಕೊಟ್ಟ ದುಡ್ಡು ವಾಪಸ್ ಕೇಳಿದ್ದೇನೆ, ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ.