ಯಾವ ಕೂದಲು ಅಂತ ಅಮ್ಮ ಕೇಳಿದಳು

ನಲವತ್ತೆರಡು ವರ್ಷದವರೆಗೆ ಶೇವಿಂಗ್ ಬ್ರಷ್ಷಿನ ಬಗ್ಗೆ ನಾನು ಒಂದು ನಿಮಿಷವೂ ಯೋಚಿಸಿದವನಲ್ಲ. ಡಬ್ಬಿ ಒತ್ತಿದರೆ ಬುಸ್ ಅಂತ ಫೋಮು ಬರುತ್ತಿತ್ತು, ಮೂರು ಬ್ಲೇಡಿನ ರೇಜರಿತ್ತು, ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಒಂದು ಸೋಮವಾರ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ಡಬ್ಬಿ ಬರೀ ಗಾಳಿ ಬಿಟ್ಟಿತು. ಅರ್ಧ ಗಡ್ಡದಲ್ಲಿ ಆಫೀಸಿಗೆ ಹೋಗೋದು ಹೇಗೆ? ಅಪ್ಪನ ಶೇವಿಂಗ್ ಸೆಟ್ಟಿಗೆ ಕೈ ಹಾಕಿದೆ.

ಒಂದು ಸ್ಟೀಲ್ ಬಟ್ಟಲು, ಬುಡದಿಂದ ಸುರುಳಿ ಸುತ್ತಿಕೊಂಡು ಬಂದ ಕ್ರೀಮಿನ ಟ್ಯೂಬು, ಟೋಪಾಜ್ ಬ್ಲೇಡಿನ ಪೊಟ್ಟಣ, ಒಂದು ತುಂಡು ಪಟಿಕ, ಹಿಡಿಯ ಬಣ್ಣ ಮಾಸಿ ಹೋದ ಬ್ರಷ್ಷು. ಬ್ರಷ್ಷನ್ನು ಬಿಸಿನೀರಲ್ಲಿ ಅದ್ದಿ, ಬಟಾಣಿ ಕಾಳಿನಷ್ಟು ಕ್ರೀಮು ಹಾಕಿ ಕೆನ್ನೆ ಮೇಲೆ ತಿರುಗಿಸಿದೆ. ನೊರೆ ಎದ್ದಿತು ನೋಡಿ! ಮಲ್ಲಿಗೆ ಇಡ್ಲಿ ಹಾಗೆ ಉಬ್ಬಿದ ನೊರೆ. ಬ್ರಷ್ಷು ಮಾಡೋ ಕೆಲಸ ಇಷ್ಟೇ, ನೀರನ್ನು ಕೂದಲಿನ ಬುಡದವರೆಗೆ ಮುಟ್ಟಿಸಿ, ಮಲಗಿದ ಕೂದಲನ್ನು ಎಬ್ಬಿಸಿ ನಿಲ್ಲಿಸೋದು. ನೆನೆದ ಕೂದಲು ಮೆತ್ತಗಾಗುತ್ತೆ, ಬ್ಲೇಡು ಜಗಳ ಆಡದೆ ಕತ್ತರಿಸುತ್ತೆ. ಅವತ್ತು ಬಲಗೆನ್ನೆ ಎಡಗೆನ್ನೆಗಿಂತ ನುಣ್ಣಗಿತ್ತು. ದಿನವೆಲ್ಲ ಆಫೀಸಿನಲ್ಲಿ ಕೂತು ಬಲಗೆನ್ನೆ ಸವರಿಕೊಂಡೆ.

ಸಂಜೆಯೇ ಫ್ಯಾನ್ಸಿ ಸ್ಟೋರಿಗೆ ಹೋಗಿ ಅರವತ್ತು ರೂಪಾಯಿ ಕೊಟ್ಟು ಒಂದು ಬ್ರಷ್ಷು ತಂದೆ. ಅಂಗಡಿಯವರು "ಒಳ್ಳೆ ಐಟಂ ಸಾರ್, ಇಂಪೋರ್ಟೆಡ್" ಅಂದಿದ್ದರು. ಎಲ್ಲಿಂದ ಬಂದಿತ್ತೋ, ಬರುವಾಗಲೇ ಸುಸ್ತಾಗಿತ್ತು ಅನ್ನಿಸುತ್ತೆ. ಮೊದಲ ದಿನವೇ ಹತ್ತಿಪ್ಪತ್ತು ಕೂದಲು ಮುಖದ ಮೇಲೆ ಉಳಿಸಿತು. ಹೊಸ ಬ್ರಷ್ಷು ಒಂದೆರಡು ವಾರ ನಾಲ್ಕಾರು ಕೂದಲು ಉದುರಿಸೋದು ಮಾಮೂಲಿ. ಇದು ತಿಂಗಳಾದರೂ ನಿಲ್ಲಿಸಲಿಲ್ಲ. ಮೀಟಿಂಗಿನಲ್ಲಿ ಪಕ್ಕ ಕೂತ ಹುಡುಗಿ ಸಂಕೋಚದಿಂದ, "ಸಾರ್, ಗದ್ದದ ಮೇಲೆ ಒಂದು ಉದ್ದನೆ ಬಿಳಿ ಕೂದಲಿದೆ" ಅಂದಳು. ಎಳೆದರೆ ಸಲೀಸಾಗಿ ಬಂತು, ಅವಳು ಗಾಬರಿಯಾದಳು. ಮನೆಗೆ ಬಂದು ಹೇಳಿದರೆ ಹೆಂಡತಿ ನನ್ನ ನೆತ್ತಿ ನೋಡಿ, "ಸರಿಯಾಗಿದೆ ಬಿಡಿ, ಇಬ್ಬರದೂ ಜೊತೆಗೇ ಉದುರ್ತಿದೆ" ಅಂದಳು.

ಇನ್ನು ಸುಮ್ನೆ ತರಬಾರದು, ಓದಿ ತರಬೇಕು ಅಂತ ಹದಿನೈದು ರಾತ್ರಿ ಮೊಬೈಲು ಹಿಡಿದು ಕೂತೆ. ಮಗಳು ಹೈಸ್ಕೂಲು ಸೇರುವಾಗಲೂ ನಾನು ಇಷ್ಟು ಓದಿರಲಿಲ್ಲ. ಬ್ರಷ್ಷಿನಲ್ಲಿ ಮುಖ್ಯವಾಗಿ ನಾಲ್ಕು ಜಾತಿ. ಹಂದಿ ಕೂದಲಿನದು ಗಟ್ಟಿ, ಅಗ್ಗ. ಶುರುವಿನಲ್ಲಿ ಒರಟು, ಬಳಸ್ತಾ ಬಳಸ್ತಾ ಕೂದಲಿನ ತುದಿ ಸೀಳಿ ಮೆತ್ತಗಾಗುತ್ತೆ. ಬ್ಯಾಡ್ಜರ್ ಅಂತ ಬಿಲ ತೋಡುವ ಪ್ರಾಣಿಯ ಕೂದಲಿನದು ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತೆ. ಅದರಲ್ಲೂ ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ಮೆಟ್ಟಿಲುಗಳು. ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ಮನೆ ಸಾಲದ ಕಂತು ನೆನಪಾಗುತ್ತೆ. ಮೂರನೆಯದು ಕುದುರೆ ಕೂದಲು, ನಾಲ್ಕನೆಯದು ಸಿಂಥೆಟಿಕ್. ಇದರ ಮೇಲೆ ಕೂದಲಿನ ಗಂಟಿನ ದಪ್ಪ ಬೇರೆ, ಸಾಮಾನ್ಯವಾಗಿ 20ರಿಂದ 26 ಮಿಲಿಮೀಟರ್. ಗಂಟು ದಪ್ಪಗಿದ್ದು ಕೂದಲು ಗಿಡ್ಡಗಿದ್ದರೆ ಬ್ರಷ್ಷು ಗಡುಸು, ಕೂದಲು ಉದ್ದವಾದರೆ ಸಡಿಲ.

ಖರ್ಚು ನೋಡಿ ಹಂದಿಗೇ ಬಂದು ನಿಂತೆ. ಪಾರ್ಸೆಲ್ ಬಂದ ರಾತ್ರಿ ಬಿಚ್ಚಿದರೆ, ಮಳೆಯಲ್ಲಿ ನೆನೆದ ಎಮ್ಮೆ ಒಳಗೆ ಬಂದ ಹಾಗೆ ವಾಸನೆ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ವಾಸನೆ ಹೋಗುತ್ತೆ ಅಂತ ಓದಿದ್ದೆ. ಕತ್ತಲಲ್ಲಿ ಕೈಗೆ ಸಿಕ್ಕ ಲೋಟಕ್ಕೆ ನೀರು ತುಂಬಿ, ಬ್ರಷ್ಷು ತಲೆಕೆಳಗಾಗಿ ಇಟ್ಟು ಮಲಗಿದೆ.

ಅದು ಅಮ್ಮನ ಕಾಫಿ ಲೋಟ.

ಬೆಳಿಗ್ಗೆ ಅಡುಗೆಮನೆಯಿಂದ ನನ್ನ ಪೂರ್ತಿ ಹೆಸರು ಕೇಳಿಸಿತು. ಅಮ್ಮ ಪೂರ್ತಿ ಹೆಸರು ಕರೆದರೆ ಏನೋ ಆಗಿದೆ ಅಂತಲೇ ಅರ್ಥ.

"ಯಾವ ಕೂದಲೋ ಇದು?"

"ಅದು... ನ್ಯಾಚುರಲ್ ಅಮ್ಮಾ."

"ನ್ಯಾಚುರಲ್ ಅಂದ್ರೆ?"

ನಾನು ಬಾಯಿ ತೆರೆಯುವ ಮೊದಲೇ, ನನ್ನ ಜೊತೆ ಕೂತು ಅಷ್ಟೂ ವೀಡಿಯೋ ನೋಡಿದ್ದ ಮಗಳು, "ಪಿಗ್ ಅಜ್ಜಿ" ಅಂದಳು.

ಲೋಟ ಅಲ್ಲಿಂದಲೇ ಹಿತ್ತಿಲಿಗೆ ಹೋಯಿತು. ಈಗ ಅದರಲ್ಲಿ ಪುದೀನ ಬೆಳೆದಿದೆ, ಆ ಪುದೀನವನ್ನು ಅಮ್ಮ ಚಟ್ನಿಗೆ ಹಾಕೋದಿಲ್ಲ. "ಇದರಿಂದ ರೋಗ ಗೀಗ ಬಂದ್ರೆ?" ಅಂದಳು. ಆಗ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಓದಿದ್ದು ತಲೆಯಲ್ಲಿ ತುಂಬಿತ್ತಲ್ಲ, ಮೊದಲ ಮಹಾಯುದ್ಧದ ಕಾಲದಲ್ಲಿ ಅಗ್ಗದ ಕುದುರೆ ಕೂದಲಿನ ಬ್ರಷ್ಷುಗಳಿಂದ ಇಂಗ್ಲೆಂಡು, ಅಮೆರಿಕದಲ್ಲಿ ಆಂಥ್ರಾಕ್ಸ್ ಬಂದು ಜನ ಸತ್ತಿದ್ದರು, 1920ರಲ್ಲಿ ಬ್ರಿಟನ್ ಜಪಾನಿನ ಬ್ರಷ್ಷು ತರಿಸೋದನ್ನೇ ನಿಲ್ಲಿಸಿತು, ಆದರೆ ಅದು ಕೂದಲು ಸರಿಯಾಗಿ ಶುದ್ಧ ಮಾಡದೆ ಬಂದದ್ದು, ಅದೂ ಕುದುರೆ, ಇದು ಹಂದಿ ಅಂತ ಒಂದೇ ಉಸಿರಲ್ಲಿ ಸಮಾಧಾನ ಹೇಳಿದೆ. ಅಮ್ಮನಿಗೆ ಕೇಳಿಸಿದ್ದು "ಸತ್ತಿದ್ದರು" ಮತ್ತು "ಹಂದಿ".

"ದೇವರಮನೆ ಪಕ್ಕದ ಬಚ್ಚಲಲ್ಲಿ ಹಂದಿ ಕೂದಲು! ನಿಮ್ಮಪ್ಪ ನಲವತ್ತೈದು ವರ್ಷದಿಂದ ಗಡ್ಡ ಹೆರೀತಿದಾರೆ, ಒಂದು ದಿನ ಇಂಥ ಕೆಲಸ ಮಾಡಿದಾರಾ?"

ವರಾಂಡದಲ್ಲಿ ಅಪ್ಪ ಹಿಡಿದಿದ್ದ ಪೇಪರು ಎರಡು ಇಂಚು ಮೇಲೆ ಹೋಯಿತು.

ಆಗ ನನಗೆ ಅನುಮಾನ ಬರಲಿಲ್ಲ. ನನ್ನ ಗಮನವೆಲ್ಲ ಬ್ರಷ್ಷಿನ ಮೇಲಿತ್ತು. ವಾಸನೆ ಹೋಗಿಸಿ, ಅಮ್ಮನಿಗೆ ಕಾಣದ ಹಾಗೆ ಇಟ್ಟುಕೊಳ್ಳೋಣ ಅಂತ ಕುದಿಯುವ ನೀರು ಸುರಿದೆ. ಕೂದಲಿನ ಗಂಟನ್ನು ಹಿಡಿಯೊಳಗೆ ಕೂರಿಸಿರೋದು ಅಂಟಿನಲ್ಲಿ, ಬೆಚ್ಚಗಿನ ನೀರು ಸಾಕು ಅಂತ ಎಲ್ಲರೂ ಬರೆದಿದ್ದರು, ಆ ಸಾಲು ಮಾತ್ರ ನಾನು ಓದಿರಲಿಲ್ಲ. ಎರಡನೇ ದಿನ ಕೆನ್ನೆ ಮೇಲೆ ತಿರುಗಿಸುವಾಗ ಹಿಡಿ ಕೈಯಲ್ಲೇ ಉಳಿಯಿತು, ಗಂಟು ಪಾಯಿಖಾನೆಯ ಕಡೆ ಉರುಳಿತು. ಸಾವಿರಕ್ಕೆ ಹತ್ತಿರದ ದುಡ್ಡು ಒಂದು ಬೆಳಗಿಗೆ.

ಮತ್ತೆ ಅಪ್ಪನ ಬ್ರಷ್ಷಿಗೇ ಕೈ ಹಾಕಿದೆ. ಈ ಸಲ ಸುಮ್ನೆ ತಿರುಗಿಸಿ ನೋಡಿದೆ, ಹಿಡಿಯ ಬುಡದಲ್ಲಿ ಅರ್ಧ ಅಳಿಸಿಹೋದ ಇಂಗ್ಲಿಷ್ ಅಕ್ಷರ. ಕನ್ನಡಕ ಹಾಕಿಕೊಂಡು ಓದಿದೆ: ಪ್ಯೂರ್ ಬ್ರಿಸಲ್. ಹದಿನೈದು ರಾತ್ರಿಯ ಓದು ಇಲ್ಲಿ ಕೆಲಸಕ್ಕೆ ಬಂತು. ಬ್ರಷ್ಷಿನ ವ್ಯಾಪಾರದಲ್ಲಿ ಬ್ರಿಸಲ್ ಅಂದರೆ ಹಂದಿ ಕೂದಲು ಅಂತಲೇ.

ತಿರುಗಿದರೆ ಬಾಗಿಲಲ್ಲಿ ಅಪ್ಪ.

"ಓದಿದ್ಯಾ?"

"ಹ್ಞೂಂ."

"ಓದಿದ್ಯಲ್ಲ, ಎಲ್ಲಿತ್ತೋ ಅಲ್ಲೇ ಇಡು."

ಅಮ್ಮನ ಒಪ್ಪಿಗೆ ಸಿಗಬೇಕು ಅಂದರೆ ಉಳಿದದ್ದು ಸಿಂಥೆಟಿಕ್ ಒಂದೇ. 24 ಮಿಲಿಮೀಟರಿನದು, ಐನೂರು ಚಿಲ್ಲರೆ. ಅಮ್ಮ ಪೊಟ್ಟಣ ತಿರುಗಿಸಿ ತಿರುಗಿಸಿ ಹಸಿರು ಚುಕ್ಕೆ ಹುಡುಕಿದಳು. ನಾನು ಹೇಳ್ತೀನಿ ಕೇಳಿ, ಹೊಸಬರು ಇದನ್ನೇ ತಗೊಳ್ಳಿ. ನೆನೆಹಾಕಬೇಕಾಗಿಲ್ಲ, ವಾಸನೆ ಇಲ್ಲ, ಬೇಗ ಒಣಗುತ್ತೆ, ಉದುರೋದೂ ಕಡಿಮೆ. ಅಂಗಡಿಯಲ್ಲಿ ಕೊಳ್ಳೋದಾದರೆ ಅಂಗೈ ಹಿಂಭಾಗಕ್ಕೆ ಒತ್ತಿ ನೋಡಿ, ಚುಚ್ಚಬಾರದು, ಕೈ ತೆಗೆದ ತಕ್ಷಣ ಎದ್ದು ನಿಲ್ಲಬೇಕು. ಅಂಗಡಿಯವರು ಮುಖ ಸಿಂಡರಿಸಿದರೂ ನಾಲ್ಕು ಕೂದಲು ಮೆಲ್ಲಗೆ ಎಳೆದು ನೋಡಿ.

ಇಷ್ಟೆಲ್ಲ ಆಗಿಯೂ ಮೊದಲ ದಿನ ನೊರೆ ಏಳಲಿಲ್ಲ. ಹತ್ತು ನಿಮಿಷ ತಿರುಗಿಸಿದರೂ ಕೆನ್ನೆ ಮೇಲೆ ತೆಳ್ಳಗೆ ಮಜ್ಜಿಗೆ ಬಳಿದ ಹಾಗೆ. ಬ್ರಷ್ಷು ವಾಪಸ್ ಮಾಡೋಣ ಅಂತ ಮೊಬೈಲು ಹುಡುಕುತ್ತಿದ್ದೆ. ಅಪ್ಪ ಬಂದು ಬಕೆಟ್ಟಿಗೆ ಬೆರಳು ಅದ್ದಿ, "ಬೋರ್ ನೀರು ಕಣೋ. ಬಟ್ಟೆ ಸೋಪೇ ನೊರೆ ಬರಲ್ಲ, ನಿನ್ನ ಕ್ರೀಮು ಎಲ್ಲಿಂದ ಬರುತ್ತೆ? ಕಾವೇರಿ ನೀರು ಬಂದ ದಿನ ಮಾಡ್ಕೋ" ಅಂದರು. ಗಡಸು ನೀರಿನ ಸುಣ್ಣ ಸೋಪನ್ನು ಹಿಡಿದುಕೊಂಡು ಗಸಿ ಮಾಡುತ್ತೆ, ನೊರೆ ಆಗೋಕೆ ಬಿಡಲ್ಲ. ನಮ್ಮ ಬೀದಿಗೆ ಕಾವೇರಿ ದಿನ ಬಿಟ್ಟು ದಿನ. ಹಾಗಾಗಿ ನನ್ನ ಗಡ್ಡವೂ ಈಗ ದಿನ ಬಿಟ್ಟು ದಿನ. ಈಚೆಗೆ ಅಪ್ಪ ನನಗಾಗಿ ಒಂದು ಚೊಂಬು ಕಾವೇರಿ ಮುಚ್ಚಿಡುತ್ತಾರೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಂಬಳ ಇರಬೇಕು.

ಕಳೆದ ಗುರುವಾರ ಅಮ್ಮ ದೇವರಮನೆ ತೊಳೆಯುತ್ತಿದ್ದಳು. ಮರದ ಮಂಟಪದ ಕೆತ್ತನೆಯ ಸಂದಿಗಳಿಂದ ಕುಂಕುಮ, ಧೂಳು ಎಲ್ಲ ಒಂದು ಚಿಕ್ಕ ಬ್ರಷ್ಷಿನಲ್ಲಿ ನಯವಾಗಿ ಗುಡಿಸುತ್ತಿದ್ದಳು. ಸವೆದು ಬೆರಳುದ್ದ ಉಳಿದಿದ್ದ ಬ್ರಷ್ಷು. ಹಿಡಿ ಎಲ್ಲೋ ನೋಡಿದ ಹಾಗಿತ್ತು.

"ಇದೆಲ್ಲಿತ್ತಮ್ಮಾ?"

"ನಿಮ್ಮಪ್ಪನದೇ ಹಳೇದು. ಹಳೇದಾದಾಗೆಲ್ಲ ತಗೊಂಡು, ಚೆನ್ನಾಗಿ ತೊಳೆದು ದೇವರಿಗೆ ಇಟ್ಕೋತೀನಿ. ಎಷ್ಟು ಮೆತ್ತಗಿದೆ ನೋಡು, ಈಗಿನ ಬ್ರಷ್ಷು ಎಲ್ಲಿ ಹೀಗಿರುತ್ತೆ?"

ನಾನು ವರಾಂಡದ ಕಡೆ ನೋಡಿದೆ. ಪೇಪರು ಕಣ್ಣಿನ ಮಟ್ಟದಿಂದ ನೆತ್ತಿಯ ಮಟ್ಟಕ್ಕೆ ಏರಿತು.

"ಇದೂ ಸವೆದು ಹೋಯ್ತು ರೀ" ಅಂತ ಅಮ್ಮ ಕೂಗಿದಳು. "ಈಗ ಬಳಸ್ತಿರೋದನ್ನ ಯಾವಾಗ ಕೊಡ್ತೀರಾ?"

ಪೇಪರಿನ ಹಿಂದಿನಿಂದ ಅಪ್ಪನ ದನಿ ಬಂತು. "ಇನ್ನೊಂದು ವರ್ಷ ಬರುತ್ತೆ ಕಣೇ."